ಗುಹೆಯೊಳಗೆ ಕೈ ಅಲುಗಿದರೆ

ಪ್ರಶ್ನೆ: ಪುಣೆಯಲ್ಲಿದ್ದೇನೆ. ಹೊಸ ಕ್ಯಾಮೆರಾದಲ್ಲಿ ತೆಗೆದ ಪಾತಾಳೇಶ್ವರ ಗುಹೆಯ ಚಿತ್ರಗಳೆಲ್ಲ ಮಸುಕು. ಲೆನ್ಸ್ ಬದಲಿಸಲೇ?

ಉತ್ತರ: ಬೇಡ, ದುಡ್ಡು ಉಳಿಸಿ. 8ನೇ ಶತಮಾನದ ಆ ಬಂಡೆಗುಡಿಯೊಳಗೆ ಬೆಳಕು ಕಡಿಮೆ. ಆಟೋದಲ್ಲಿಟ್ಟರೆ ಕ್ಯಾಮೆರಾ ಶಟರನ್ನು ನಿಧಾನ ಮಾಡುತ್ತದೆ, ಅಷ್ಟರಲ್ಲಿ ನಿಮ್ಮ ಕೈ ಅಲುಗಿರುತ್ತದೆ. ಶಟರ್ ಪ್ರಯಾರಿಟಿಯಲ್ಲಿ 1/60 ಸೆಕೆಂಡ್ ಇಡಿ (ಕಂಬಗಳೇನೂ ಓಡುವುದಿಲ್ಲವಲ್ಲ), ಜನರಿದ್ದರೆ 1/125. ಐಎಸ್‌ಒ 1600, ಕಪ್ಪಾದರೆ 3200. ಚಿತ್ರ ಕಾಳುಕಾಳಾಗಿ ಕಂಡೀತು, ಮಸುಕಿಗಿಂತ ಎಷ್ಟೋ ವಾಸಿ. ಮೊಣಕೈ ಪಕ್ಕೆಗೊತ್ತಿ, ಉಸಿರು ಬಿಡುತ್ತಾ ಬಟನ್ ಒತ್ತಿ.

ಕ್ಯಾಮೆರಾ ಹೊಸದಲ್ಲವೇ, ಅಪರ್ಚರ್ ಪಾಠವೂ ಆಗಲಿ; ಅದು ಹೊರಗೆ, ದುಂಡನೆಯ ನಂದಿಮಂಟಪದ ಬಳಿ. ಪೂರ್ತಿ ಜೂಮ್ ಮಾಡಿ, ಹತ್ತಿರದ ಕಂಬಕ್ಕೆ ಫೋಕಸ್ ಇಟ್ಟು, ಎಫ್/5.6 ಮತ್ತು ಎಫ್/16ರಲ್ಲಿ ಒಂದೊಂದು ತೆಗೆದು ಹಿನ್ನೆಲೆ ಹೋಲಿಸಿ. ಟ್ರೈಪಾಡ್ ಒಯ್ಯುವುದಾದರೆ ಮೊದಲೇ ಪುರಾತತ್ವ ಇಲಾಖೆಯ ಅನುಮತಿ ಕೇಳಿ.