ಇಂಗ್ಲಿಷ್ ಶಬ್ದಗಳ ಅರ್ಥವೂ ಉಚ್ಚಾರವೂ

ಹಳ್ಳಿಗಳಿಂದ ಬಂದ ನಮ್ಮಲ್ಲಿ ಅನೇಕರು ಇಂಗ್ಲಿಷ್ ತರಗತಿಯಲ್ಲಿ ಬಾಯಿ ತೆರೆಯುವುದಿಲ್ಲ. ಶಬ್ದದ ಅರ್ಥ ಗೊತ್ತಿರುತ್ತದೆ, ಬರೆಯಲೂ ಬರುತ್ತದೆ. ಉಚ್ಚಾರ ತಪ್ಪಿದರೆ ನಾಲ್ಕು ಜನ ನಕ್ಕಾರೆಂಬ ಅಂಜಿಕೆಯೇ ನಾಲಗೆಯನ್ನು ಹಿಡಿದು ನಿಲ್ಲಿಸುತ್ತದೆ. ಈ ತೊಡಕಿನ ಮೂಲ ನಮ್ಮ ಬುದ್ಧಿಯಲ್ಲಿಲ್ಲ, ಎರಡು ಭಾಷೆಗಳ ಸ್ವಭಾವಭೇದದಲ್ಲಿದೆ ಎಂಬುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕನ್ನಡವನ್ನು ನಾವು ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಹಾಗಲ್ಲ. ‘ಡೆಟ್’ ಎಂದರೆ ಸಾಲ. ಬರೆಯುವಾಗ ಅದರಲ್ಲಿ ‘ಬಿ’ ಅಕ್ಷರವಿದೆ, ನುಡಿಯುವಾಗ ಇಲ್ಲ. ಈ ಶಬ್ದವು ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ‘ಬಿ’ ಇರಲೇ ಇಲ್ಲ. ಲ್ಯಾಟಿನ್ನಿನ ‘ಡೆಬಿಟುಮ್’ ಎಂಬ ಮೂಲವನ್ನು ನೆನೆದು ಪಂಡಿತರು ಅದನ್ನು ಆಮೇಲೆ ಸೇರಿಸಿದರು. ಜನರ ನಾಲಗೆ ಒಪ್ಪಲಿಲ್ಲ. ಸೂಕ್ಷ್ಮವೆಂಬ ಅರ್ಥದ ‘ಸಟ್ಲ್’ ಶಬ್ದದಲ್ಲಿಯ ‘ಬಿ’, ದೋಷಾರೋಪ ಹೊರಿಸು ಎಂಬ ಅರ್ಥದ ‘ಇಂಡೈಟ್’ ಶಬ್ದದಲ್ಲಿಯ ‘ಸಿ’ ಇದೇ ಬಗೆಯವು. ಗ್ರೀಕ್ ಮೂಲದ ಕೆಲವು ಶಬ್ದಗಳಲ್ಲಿ ಇದಕ್ಕೆ ವಿರುದ್ಧ. ಕೊನೆಯ ‘ಇ’ ಮೌನವಾಗಿರದು. ಅತಿಶಯೋಕ್ತಿಗೆ ‘ಹೈಪರ್‌ಬೋಲ್’ ಎನ್ನಲಾಗದು, ‘ಹೈಪರ್ಬಲಿ’ ಎನ್ನಬೇಕು. ಸಾರಸಂಗ್ರಹ ಅಥವಾ ಮೂರ್ತರೂಪವೆಂಬ ಅರ್ಥದ ಶಬ್ದ ‘ಎಪಿಟೋಮ್’ ಅಲ್ಲ, ‘ಇಪಿಟಮಿ’.

ಎರಡನೆಯ ಭೇದ ಇದಕ್ಕಿಂತ ಆಳವಾದುದು. ನನ್ನ ಊರು ಕಟಕೋಳ. ಛಂದಸ್ಸಿನ ಲೆಕ್ಕದಲ್ಲಿ ಮೂರು ಲಘು, ಒಂದು ಗುರು; ಒಟ್ಟು ಐದು ಮಾತ್ರೆ. ಪ್ರತಿ ಅಕ್ಷರಕ್ಕೂ ಅದರ ಪಾಲು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ದನಿಯ ಬಲವೆಲ್ಲ ಒಂದೆಡೆ ಬೀಳುತ್ತದೆ, ನೆರೆಯ ಸ್ವರಗಳು ಸೊರಗುತ್ತವೆ. ಇದಕ್ಕೆ ಆಘಾತವೆನ್ನುತ್ತಾರೆ. ‘ಫೋಟಗ್ರಾಫ್’ ಎನ್ನುವಾಗ ಬಲ ‘ಫೋ’ದ ಮೇಲೆ. ಚಿತ್ರ ತೆಗೆಯುವವನು ‘ಫಟಾಗ್ರಫರ್’. ಬಲ ‘ಟಾ’ಕ್ಕೆ ಸರಿಯಿತು, ‘ಫೋ’ ‘ಫ’ ಆಯಿತು. ಒಂದೇ ಕಾಗುಣಿತದ ಶಬ್ದವನ್ನು ಮೊದಲಲ್ಲಿ ಒತ್ತಿ ‘ಡೆಝರ್ಟ್’ ಎಂದರೆ ಮರುಭೂಮಿ, ಕೊನೆಯಲ್ಲಿ ಒತ್ತಿ ‘ಡಿಝರ್ಟ್’ ಎಂದರೆ ತೊರೆದು ಹೋಗು. ಆಘಾತ ತಪ್ಪಿದರೆ ಅರ್ಥವೂ ತಪ್ಪೀತು.

ಹಾಗಾದರೆ ಉಪಾಯವೇನು? ಜರ್ಮನಿಯ ಫರ್ಡಿನಾಂಡ್ ಕಿಟ್ಟೆಲ್ಲರು 1853ರಲ್ಲಿ ಭಾರತಕ್ಕೆ ಬಂದು, ನಮ್ಮ ಧಾರವಾಡ ಸೀಮೆಯಲ್ಲಿಯೂ ಇದ್ದು, ಕನ್ನಡ ಕಲಿತರು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಕನ್ನಡ ಶಬ್ದದ ಪಕ್ಕದಲ್ಲಿಯೇ ಅದರ ರೋಮನ್ ಲಿಪಿಯ ರೂಪವೂ ಇದೆ. ನಮ್ಮ ಟ, ಡ, ಣಗಳಿಗೆ ಆ ಲಿಪಿಯಲ್ಲಿ ಬೇರೆ ಅಕ್ಷರಗಳಿಲ್ಲದ್ದರಿಂದ ಇರುವ ಅಕ್ಷರಗಳ ಕೆಳಗೆ ಚುಕ್ಕೆಯಿಟ್ಟಿದ್ದಾರೆ. ನಮ್ಮ ನುಡಿಗಾಗಿ ಅವರು ತಮ್ಮ ಲಿಪಿಗೆ ಗುರುತು ಹಚ್ಚಿದರು. ಇಂಗ್ಲಿಷಿಗಾಗಿ ನಾವು ನಮ್ಮ ಲಿಪಿಗೆ ಹಚ್ಚಬಾರದೇಕೆ?

ನನ್ನ ವಹಿಯಲ್ಲಿ ಪ್ರತಿ ಹೊಸ ಶಬ್ದಕ್ಕೆ ಮೂರು ಮನೆಗಳಿವೆ: ಇಂಗ್ಲಿಷ್ ಕಾಗುಣಿತ, ಕನ್ನಡ ಲಿಪಿಯಲ್ಲಿ ಉಚ್ಚಾರ, ಕನ್ನಡದಲ್ಲಿ ಅರ್ಥ. ಆಘಾತವಿರುವ ಅಕ್ಷರದ ಕೆಳಗೆ ಗೆರೆ ಎಳೆಯುತ್ತೇನೆ. ದ್ರಾಕ್ಷಿಯ ಬಳ್ಳಿಯೂ ದ್ರಾಕ್ಷಾರಸವೂ ನಮ್ಮ ಲಿಪಿಯಲ್ಲಿ ‘ವೈನ್’ ಒಂದೇ. ಬಳ್ಳಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಕಬೇಕು. ರಸಕ್ಕೆ ತುಟಿಗಳು ದುಂಡಾಗಬೇಕು. ದುಂಡು ‘ವ’ಕಾರದ ಕೆಳಗೆ ಕಿಟ್ಟೆಲ್ಲರಂತೆ ಒಂದು ಚುಕ್ಕೆ ಇಡುತ್ತೇನೆ.

ಆದರೆ ಗುರುತು ಕಿವಿಯ ಕೆಲಸ ಮಾಡದು. ಮೊದಲು ಕೇಳಬೇಕು, ಆಮೇಲೆ ಬರೆಯಬೇಕು, ಕೊನೆಗೆ ಗಟ್ಟಿಯಾಗಿ ನುಡಿಯಬೇಕು. ಈಗ ಮೊಬೈಲಿನ ನಿಘಂಟುಗಳೇ ಶಬ್ದವನ್ನು ನುಡಿದು ತೋರಿಸುತ್ತವೆ. ಕೇಳಲು ಖರ್ಚೂ ಇಲ್ಲ, ಸಂಕೋಚವೂ ಬೇಡ. ದಿನಕ್ಕೆ ಐದು ಶಬ್ದಗಳಾದರೂ ಸಾಕು. ಗುರುಗಳಲ್ಲಿ ಒಂದು ವಿನಂತಿ: ಕಠಿಣ ಶಬ್ದ ಬಂದಾಗ ಅರ್ಥದೊಡನೆ ಆಘಾತವನ್ನೂ ಫಲಕದ ಮೇಲೆ ಗುರುತಿಸಿ ತೋರಿಸಬೇಕು. ಮಿತ್ರರಲ್ಲಿ ಇನ್ನೊಂದು: ತಪ್ಪಿದವನನ್ನು ಕಂಡು ನಗದೆ ತಿದ್ದಬೇಕು. ನಕ್ಕರೆ ಒಬ್ಬನ ಬಾಯಿ ಮುಚ್ಚುತ್ತದೆ; ತಿದ್ದಿದರೆ ಇಬ್ಬರೂ ಕಲಿಯುತ್ತಾರೆ.