ಬಡಿಗಶಾಲೆಗೆ ಸೈಕ್ಲೋನ್: ಬಕೆಟ್ಟಿಗೆ ಬಿದ್ದ ಹೊಟ್ಟು, ಗಾಳಿಯಲ್ಲುಳಿದ ಧೂಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಸುಗ್ಗಿಯ ದಿನ ಕಣದ ಮೇಲೆ ನಿಂತು ಬಿಳಿಜೋಳ ತೂರಿದವರಿಗೆ ಗಾಳಿಯ ಗುಣವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಎತ್ತಿ ಹಿಡಿದ ಮೊರದಿಂದ ರಾಶಿಯನ್ನು ಮೆಲ್ಲನೆ ಇಳಿಯಬಿಟ್ಟರೆ ಕಾಳು ಕಾಲ ಬುಡದಲ್ಲಿ ಬೀಳುತ್ತದೆ, ಹೊಟ್ಟು ನಾಲ್ಕು ಮೊಳ ಆಚೆಗೆ ಹೋಗಿ ಬೀಳುತ್ತದೆ. ಕೊರಳಿಗೂ ಕಣ್ಣಿಗೂ ಹತ್ತಿ ನವೆಯೆಬ್ಬಿಸುವ ಸುಂಕು ಮಾತ್ರ ಎಲ್ಲಿಯೂ ಬೀಳದೆ, ತೂರುವವನ ಸುತ್ತಲೇ ತೇಲಾಡುತ್ತದೆ. ಸೈಕ್ಲೋನ್ ಎಂಬ ಯಂತ್ರವು ಈ ತೂರುವ ಕ್ರಿಯೆಯನ್ನೇ ಒಂದು ಲಾಳಿಕೆಯೊಳಗೆ ಸುತ್ತಿಟ್ಟದ್ದಾದ್ದರಿಂದ, ಅದರ ಬಲವೂ ದೌರ್ಬಲ್ಯವೂ ಕಣದಲ್ಲಿ ಕಂಡಷ್ಟೇ.

ಯಂತ್ರವೇನೂ ಹೊಸತಲ್ಲ. 1885ರಲ್ಲಿ ಅಮೆರಿಕದ ಜಾನ್ ಫಿಂಚ್ ಎಂಬಾತ ಇದಕ್ಕೆ ಪೇಟೆಂಟ್ ಪಡೆದನು; ಬೇಳೆಯ ಮಿಲ್ಲುಗಳ ಮಾಳಿಗೆಯ ಮೇಲೆ ಕಾಣುವ ತಗಡಿನ ದೊಡ್ಡ ಲಾಳಿಕೆಗಳು ಅದರ ಸಂತತಿಯೇ. ಮನೆಗೆ ಬಂದದ್ದು ಈಚೆಗೆ. ಜಾಲಿಯ ಮರದಲ್ಲಿ ಕೂರಿಗೆ, ಕುಂಟೆ, ಬಂಡಿಯ ಗಾಲಿಗಳನ್ನು ಬಾಚಿ ಉಳಿಗಳಿಂದ ಕೆತ್ತುತ್ತಿದ್ದ ಕಾಲದಲ್ಲಿ ಚಕ್ಕೆ ಒಲೆಗೆ ಹೋಗುತ್ತಿತ್ತು, ಧೂಳಿನ ಮಾತೇ ಏಳುತ್ತಿರಲಿಲ್ಲ. ಇಂದು ವಿದ್ಯುತ್ತಿನ ಗರಗಸ, ರೌಟರ್, ಸ್ಯಾಂಡರುಗಳು ಹಿತ್ತಿಲ ಕೋಣೆಗೆ ಬಂದಿವೆ. ಬಡಿಗತನ ಕುಲವೃತ್ತಿಯಾಗಿಲ್ಲದವರೂ, ನಿವೃತ್ತರಾದ ಮೇಲೆ ನನ್ನಂತೆ, ಮೊಮ್ಮಗುವಿಗೆ ತೊಟ್ಟಿಲು ಮಾಡಹೊರಡುತ್ತಾರೆ.

ನಾನು ಒಂದು ಪ್ಲಾಸ್ಟಿಕ್ ಸೈಕ್ಲೋನನ್ನು ಮುಚ್ಚಳವಿರುವ ಬಕೆಟ್ಟಿನ ಮೇಲೆ ಕೂರಿಸಿ, ವ್ಯಾಕ್ಯೂಮಿಗೆ ಕೊಳವೆ ಜೋಡಿಸಿ ಬೇವಿನ ಹಲಗೆಯನ್ನು ನಯಮಾಡಿದ ಮೊದಲ ದಿನ, ಸಂಜೆಗೆ ಬಕೆಟ್ಟು ಅರ್ಧ ತುಂಬಿದ್ದನ್ನು ಕಂಡು ಮನೆಮಂದಿಗೆಲ್ಲ ತೋರಿಸಿ ಬೀಗಿದೆನು. ಮರುದಿನ ನಡುಹಗಲಿಗೆ ಮಾಳಿಗೆಯ ಬೆಳಕಿಂಡಿಯಿಂದಿಳಿದ ಬಿಸಿಲಿನ ಕೋಲಿನಲ್ಲಿ, ಯಂತ್ರವನ್ನು ಮುಟ್ಟುವ ಮೊದಲೇ, ಅಸಂಖ್ಯ ರಜಃಕಣಗಳು ಏರಿಳಿಯುತ್ತಿದ್ದವು. ತುಟಿ ನೆಕ್ಕಿದರೆ ಬೇವಿನ ಕಹಿ.

ಕಾರಣ ಸರಳ. ಲಾಳಿಕೆಯೊಳಗೆ ತಿರುಗುವ ಗಾಳಿಯಲ್ಲಿ ಕಣವನ್ನು ಅದರ ಗೋಡೆಗೆ ನೂಕುವ ಬಲವು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆದರೆ ಆ ಕಣ ಗೋಡೆಯತ್ತ ಸರಿಯುವ ವೇಗ ಅದರ ವ್ಯಾಸದ ವರ್ಗವನ್ನು ಅವಲಂಬಿಸಿದೆ. 10 ಮೈಕ್ರಾನಿನ ಕಣಕ್ಕಿಂತ 1 ಮೈಕ್ರಾನಿನದು ನೂರು ಪಟ್ಟು ನಿಧಾನವಾಗಿ ಸರಿಯುವುದರಿಂದ, ಗೋಡೆ ಮುಟ್ಟುವಷ್ಟರಲ್ಲಿ ನಡುವಿನ ಕೊಳವೆಯ ಗಾಳಿ ಅದನ್ನು ಹೊತ್ತುಕೊಂಡು ಹೋಗಿಬಿಟ್ಟಿರುತ್ತದೆ. ಇಂಥ ಕಣ ನಿಶ್ಚಲ ವಾಯುವಿನಲ್ಲಿ ಆರಡಿ ಎತ್ತರದಿಂದ ನೆಲಕ್ಕಿಳಿಯಲು ಹದಿನಾಲ್ಕು ತಾಸು ಬೇಕು. 10 ಮೈಕ್ರಾನಿನದಕ್ಕೆ ಹತ್ತು ನಿಮಿಷ ಸಾಕು. ಕಣ್ಣಿಗೆ ಕಾಣುವ ಹೊಟ್ಟಲ್ಲ, ಕಾಣದ್ದೇ ಶ್ವಾಸಕೋಶದ ಆಳಕ್ಕಿಳಿಯುವಂಥದು. ಮೂಗಿನೊಳಗೆ ನಿಲ್ಲುವುದೂ ನಿರ್ದೋಷಿಯಲ್ಲ: ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಷ್ಟು ಹಿಂದೆಯೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗದಲ್ಲಿ ಸೇರಿಸಿದೆ.

ಸೈಕ್ಲೋನಿನ ಡಬ್ಬಿಯ ಮೇಲೆ ಅಚ್ಚಾಗಿರುವ ‘ಶೇಕಡಾ 99’ ಎಂಬ ಅಂಕಿ ಸುಳ್ಳೆಂದು ನಾನು ಹೇಳಲಾರೆ; ಅದು ತೂಕದ ಲೆಕ್ಕ. ಒಂದು ಕಿಲೋ ಹೊಟ್ಟಿನಲ್ಲಿ 990 ಗ್ರಾಂ ಬಕೆಟ್ಟಿಗೆ ಬಿದ್ದರೆ ಉಳಿದ 10 ಗ್ರಾಂ ಎಲ್ಲಕ್ಕಿಂತ ನುಣುಪಾದದ್ದು. ಅದರ ನೂರರಲ್ಲೊಂದು ಪಾಲು, ಎಂದರೆ ಒಂದು ಗ್ರಾಮಿನ ದಶಾಂಶ, 10 ಮೈಕ್ರಾನಿಗಿಂತ ಸಣ್ಣದಾಗಿ, ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ಹರಡಿತೆಂದಿಟ್ಟುಕೊಂಡರೆ, ಪ್ರತಿ ಘನ ಮೀಟರಿಗೆ ಸುಮಾರು 2,900 ಮೈಕ್ರೋಗ್ರಾಂ ಆಯಿತು. ನಮ್ಮ ದೇಶದ ವಾಯುಗುಣಮಟ್ಟದ ನಿಯಮದಲ್ಲಿ ಈ ಗಾತ್ರದ ಕಣಕ್ಕೆ ದಿನದ ಮಿತಿ 100. ಆದಕಾರಣ ಸೈಕ್ಲೋನನ್ನು ಕೊಳ್ಳಬೇಕಾದದ್ದು ಫಿಲ್ಟರಿನ ಆಯುಷ್ಯಕ್ಕಾಗಿಯೇ ಹೊರತು ಪುಪ್ಪುಸದ ರಕ್ಷಣೆಗಾಗಿ ಅಲ್ಲ. ಫಿಲ್ಟರು ಕಟ್ಟಿಕೊಳ್ಳದಿದ್ದರೆ ಎಳೆತ ಕುಂದದು, ಎಳೆತ ಕುಂದದಿದ್ದರೆ ಧೂಳು ಹುಟ್ಟಿದಲ್ಲೇ ಹಿಡಿಯಲ್ಪಡುವುದು. ಉಪಕಾರವಿರುವುದು ಈ ಬಳಸುದಾರಿಯಲ್ಲಿ.

ಇನ್ನು ಜೋಡಿಸುವ ಕ್ರಮ. ಮೊದಲು ಕೆಲಸಕ್ಕೆ ತಕ್ಕ ಗಾಳಿಯನ್ನು ಅಳೆದುಕೊಳ್ಳಬೇಕು. ಹೊಟ್ಟು ಕೊಳವೆಯಲ್ಲಿ ನಿಲ್ಲದೆ ಹರಿಯಲು ಸೆಕೆಂಡಿಗೆ ಸುಮಾರು 20 ಮೀಟರಿನ ವೇಗ ಬೇಕು. ಎರಡಿಂಚಿನ ಕೊಳವೆಯಲ್ಲಿ ಅದಕ್ಕೆ ನಿಮಿಷಕ್ಕೆ ಎಂಬತ್ತು ಚಿಲ್ಲರೆ ಘನ ಅಡಿ ಗಾಳಿ ಸಾಕಾದರೆ, ನಾಲ್ಕಿಂಚಿನದಕ್ಕೆ ಮುನ್ನೂರೈವತ್ತರ ಹತ್ತಿರ ಬೇಕು. ಮನೆಯ ವ್ಯಾಕ್ಯೂಮು ಸ್ಯಾಂಡರಿಗೂ ಕೈಗರಗಸಕ್ಕೂ ಸರಿ. ಮೇಜುಗರಗಸಕ್ಕೂ ದೊಡ್ಡ ಪ್ಲೇನರಿಗೂ ಅದನ್ನೇ ಹೂಡುವುದು ಮೇಕೆಗೆ ನೊಗ ಕಟ್ಟಿದ ಹಾಗೆ. ಸಂಜೆ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಹೊರಟು ವೋಲ್ಟೇಜು ಇಳಿದಾಗ ಮೋಟರಿನ ಸದ್ದು ಮೆತ್ತಗಾಗುವುದನ್ನು ಕೇಳಿಯೇ ಇರುವಿರಿ. ಆಗ ವೇಗ ತಗ್ಗುತ್ತದೆ, ಬೇರ್ಪಡುವಿಕೆ ಅದಕ್ಕಿಂತ ಬೇಗ ತಗ್ಗುತ್ತದೆ. ಆ ಹೊತ್ತಿನಲ್ಲಿ ಮರ ಉಜ್ಜುವುದನ್ನು ಬಿಟ್ಟು ಅಳತೆ ಗುರುತಿನ ಕೆಲಸ ಮಾಡಿಕೊಳ್ಳುವುದು ಲೇಸು.

ಬಳಿಕ ಬಕೆಟ್ಟು. ಅದರೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಿರುವುದರಿಂದ ಬಿರುಕಿದ್ದಲ್ಲಿ ಧೂಳು ಹೊರಗೆ ಸೂಸದು, ಗಾಳಿ ಒಳನುಗ್ಗುತ್ತದೆ. ಹಾಗೆ ನುಗ್ಗಿದ ಗಾಳಿ ಕೆಳಗಿಳಿದ ನುಣ್ಣನೆಯ ಪುಡಿಯನ್ನು ಎಬ್ಬಿಸಿ ಮತ್ತೆ ಮೇಲಕ್ಕೆ ಒಯ್ಯುತ್ತದೆ. ಸೂಜಿಯಷ್ಟು ಸಂದಿಯೂ ಯಂತ್ರದ ಪುಣ್ಯವನ್ನೆಲ್ಲ ಕಳೆಯಬಲ್ಲುದು. ಮುಚ್ಚಳದ ಅಂಚಿಗೆ ರಬ್ಬರಿನ ಪಟ್ಟಿ ಕೂರಿಸಿ, ಬೋಲ್ಟಿನ ಸುತ್ತ ಸಿಲಿಕೋನ್ ಹಚ್ಚಿ, ಒಂದು ದಿನ ಒಣಗಲು ಬಿಟ್ಟು, ವ್ಯಾಕ್ಯೂಮನ್ನು ನಡೆಸುತ್ತ ಹೊತ್ತಿಸಿದ ಊದಿನಕಡ್ಡಿಯನ್ನು ಜೋಡುಗಳ ಗುಂಟ ನಿಧಾನವಾಗಿ ಒಯ್ಯಿರಿ. ಹೊಗೆ ನೆಟ್ಟಗೆ ಏರುತ್ತಿದ್ದರೆ ಸರಿ. ಬಾಗಿ ಸಂದಿಯೊಳಗೆ ಸರ್ರನೆ ಎಳೆದುಕೊಂಡರೆ ಅಲ್ಲಿ ಸೋರಿಕೆ. ಇದಕ್ಕೆ ಮುಂಚೆ ಕೋಣೆಯ ಹೊಟ್ಟನ್ನು ಗುಡಿಸಿ ತೆಗೆದಿರಬೇಕೆಂಬುದನ್ನೂ, ಸೋರುವ ಸಂದಿಯೊಳಕ್ಕೆ ಕಿಡಿ ಹೋಗದಂತೆ ಬಕೆಟ್ಟು ಖಾಲಿಯಿರಬೇಕೆಂಬುದನ್ನೂ ಮರೆಯಲಾಗದು. ತೆಳು ಬಕೆಟ್ಟು ಎಳೆತಕ್ಕೆ ಒಳಕ್ಕೆ ಕುಸಿಯುವುದುಂಟು, ದಪ್ಪನೆಯದನ್ನೇ ಆರಿಸಿರಿ. ಮೂರರಲ್ಲೆರಡು ಪಾಲು ತುಂಬುವ ಮುನ್ನವೇ ಬರಿದು ಮಾಡಬೇಕು.

ಪರೀಕ್ಷೆಯನ್ನು ನೀವೇ ಮಾಡಿರಿ. ಸ್ಯಾಂಡರಿನ ಚೀಲದಲ್ಲಿ ಕೂಡಿದ ಪುಡಿಯನ್ನು ಹಳೆಯ ಧೋತರದ ಬಟ್ಟೆಯಲ್ಲಿ ಸೋಸಿ, ವೈದ್ಯರು ವಸ್ತ್ರಗಾಳಿತವೆನ್ನುವ ಚೂರ್ಣವನ್ನು 200 ಗ್ರಾಂ ತೂಗಿಟ್ಟು, ಖಾಲಿ ಬಕೆಟ್ಟನ್ನೂ ತೂಗಿ, ಚೂರ್ಣವನ್ನು ಚಿಟಿಕೆ ಚಿಟಿಕೆಯಾಗಿ ಎಳೆಸಿ, ಬಕೆಟ್ಟನ್ನು ಪುನಃ ತೂಗಬೇಕು. 190 ಗ್ರಾಂ ಏರಿದ್ದರೆ ನೂರಕ್ಕೆ ಐದು ಫಿಲ್ಟರಿನತ್ತ ಹೋಯಿತೆಂದರ್ಥ. ಗರಗಸದ ಒರಟು ಹೊಟ್ಟಿನಲ್ಲಿ ಇದನ್ನೇ ಮಾಡಿ ಹೋಲಿಸಿದರೆ ಜಾಹೀರಾತಿನ ಅಂಕಿ ಯಾವ ಹೊಟ್ಟಿನಿಂದ ಬಂದದ್ದೆಂದು ಊಹಿಸಬಹುದು. ಧೋತರದಿಂದಿಳಿದದ್ದೆಲ್ಲ ಉಸಿರಿಗಿಳಿಯುವಷ್ಟು ಸಣ್ಣದಲ್ಲವಾದ್ದರಿಂದ, ನಿಜಸ್ಥಿತಿ ನಿಮ್ಮ ಲೆಕ್ಕಕ್ಕಿಂತಲೂ ತುಸು ಕೆಟ್ಟದ್ದೇ.

ತಪ್ಪಿಸಿಕೊಂಡ ಪಾಲಿಗೆ ಎರಡು ದಾರಿಗಳಿವೆ. ವ್ಯಾಕ್ಯೂಮಿನಲ್ಲಿ 0.3 ಮೈಕ್ರಾನಿನ ಕಣವನ್ನೂ ನೂರಕ್ಕೆ 99.97ರಷ್ಟು ತಡೆಯುವ ಹೆಪಾ ಫಿಲ್ಟರನ್ನು ಹಾಕುವುದು ಒಂದು. ಇನ್ನೊಂದು ನಮ್ಮ ಸೀಮೆಗೆ ದೈವ ಕೊಟ್ಟದ್ದು: ಹಿಮದ ನಾಡಿನವರು ಚಳಿಗಾಲದಲ್ಲಿ ಬೆಚ್ಚಗಿನ ಗಾಳಿಯನ್ನು ಹೊರಚೆಲ್ಲಲಾರದೆ ಫಿಲ್ಟರಿಗೆ ಹಣ ಸುರಿಯುತ್ತಿರಲು, ಇಂಡಿ ಸಿಂದಗಿಗಳ ಬಡಿಗನು ವ್ಯಾಕ್ಯೂಮಿನ ಹೊರಗಾಳಿಗೆ ಒಂದು ಕೊಳವೆ ತೊಡಿಸಿ ಗೋಡೆಯಾಚೆಗೆ ಬಿಟ್ಟರಾಯಿತು, ಎದುರಿನ ಕಿಟಕಿಯೊಂದು ತೆರೆದಿರಲಿ. ಕೊಳವೆಯ ಬಾಯಿ ನೆರೆಯವರ ಅಂಗಳಕ್ಕಾಗಲಿ ಮೇವಿನ ಬಣವೆಗಾಗಲಿ ತಿರುಗಿರಬಾರದು; ಮುಂಗಾರಿನಲ್ಲಿ ಪಡುವಣದಿಂದ ಬೀಸುವ ಗಾಳಿ ಹಿಂಗಾರಿಗೆ ಮೂಡಣದಿಂದ ಬರುವುದರಿಂದ ಎರಡೂ ಕಾಲಗಳನ್ನು ನೆನೆದು ಗೋಡೆಗೆ ತೂತು ಹಾಕಬೇಕು. ಏನೇ ಮಾಡಿದರೂ ಸ್ಯಾಂಡರ್ ಹಿಡಿದಷ್ಟು ಹೊತ್ತು ಎನ್-95 ಅಥವಾ ಎಫ್‌ಎಫ್‌ಪಿ-2 ಮುಖಗವಸು ಮೂಗಿಗೆ ಬಿಗಿಯಾಗಿರಲಿ. ಹೆಗಲ ಮೇಲಿನ ಟವೆಲ್ಲು ಸುತ್ತಿಕೊಂಡರೆ ಸಾಲದು.

ಮೊಳೆಯಿರುವ ಹಳೆಯ ತೊಲೆಯನ್ನು ಕೊಯ್ಯುವಾಗ ವ್ಯಾಕ್ಯೂಮು ಜೋಡಿಸಬೇಡಿರಿ, ಕಿಡಿಯೊಂದು ಬಕೆಟ್ಟಿಗಿಳಿದರೆ ರಾತ್ರಿಯೆಲ್ಲ ಒಳಗೊಳಗೇ ಹೊಗೆಯಾಡೀತು. ಬಕೆಟ್ಟನ್ನು ಬರಿದು ಮಾಡುವಾಗ ಮುಖಗವಸು ತೆಗೆಯದೆ, ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತು ಚೀಲಕ್ಕೆ ಇಳಿಸಿರಿ. ಬೇವು, ಜಾಲಿ, ತೇಗಗಳ ಹೊಟ್ಟು ತಿಪ್ಪೆಗೆ ಹೋಗಬಹುದು. ಪ್ಲೈವುಡ್ ಮತ್ತು ಎಂಡಿಎಫ್ ಹಲಗೆಗಳ ಪುಡಿಯಲ್ಲಿ ಅಂಟಿನ ರಾಸಾಯನಿಕವಿರುವುದರಿಂದ ಅದನ್ನು ಒಲೆಗೂ ಹಾಕಬಾರದು, ದನಗಳ ಕಾಲಡಿಗೂ ಹರಡಬಾರದು.