ಸಾವಿರ ಜಿಬಿಗೆ ಬಾಡಿಗೆ, ನೂರ ನಲವತ್ತರ ಬಳಕೆ

ಕುರ್ಡಿಯವನಾದ ಈ ಅಂಕಣಕಾರನ ಅಣ್ಣ ಮಾನ್ವಿಯ ಅಕ್ಕಿ ಗಿರಣಿಯೊಂದರ ಲೆಕ್ಕ ನೋಡುತ್ತಾರೆ. ಗಿರಣಿಯ ಸರ್ವರನ್ನು ಕ್ಲೌಡಿಗೆ ಸಾಗಿಸುವಾಗ 1000 ಜಿಬಿ ಬ್ಲಾಕ್ ಸ್ಟೋರೇಜಿಗೆ ವರ್ಷದ ಬಾಡಿಗೆಯನ್ನು ಮುಂಗಡವಾಗಿ ಕಟ್ಟಿಬಿಟ್ಟರು. ಕೇಳಿದರೆ, "ಫೈಲೇ ಸಾವಿರ ಜಿಬಿ ಅದ. ಸಣ್ಣದು ತಗೊಂಡ್ರ ಹೆಂಗ ಹಿಡಿತದ?"

ಹಿಡಿಯುತ್ತಿತ್ತು.

ಹಳೆಯ ಯಂತ್ರದ ಮುಂದೆ ಕೂತು ಅಳೆದಾಗ ಒಂದೇ ಡಿಸ್ಕಿಗೆ ಮೂರು ಅಳತೆ ಬಂದವು. 'ಎಲ್‌ಎಸ್' 1000 ಜಿಬಿ ಅಂದಿತು. ಅದು ಗಿರಣಿಯ ವರ್ಚುವಲ್ ಮಷೀನಿಗೆ ಡಿಸ್ಕಾಗಿದ್ದ ರಾ ಇಮೇಜ್ ಫೈಲಿನ ಹೆಸರಿಗಷ್ಟೇ ಇರುವ ಗಾತ್ರ. 'ಡಿಯು' 610 ಅಂದಿತು. ಹೊರಗಿನ ಡಿಸ್ಕಿನಲ್ಲಿ ಜಾಗ ಹಿಡಿದದ್ದು ಅಷ್ಟು. ವರ್ಚುವಲ್ ಮಷೀನಿನ ಒಳಹೊಕ್ಕು 'ಡಿಎಫ್' ಕೊಟ್ಟರೆ ಬರೀ 140!

ಮಿಕ್ಕ 470 ಎಲ್ಲಿಯದು? ರಾತ್ರಿಯ ಬ್ಯಾಕಪ್ಪೆಲ್ಲ ಅದೇ ಡಿಸ್ಕಿಗೆ ಬೀಳುತ್ತಿತ್ತು, ಮಾರ್ಚ್ ಕೊನೆಗೆ ಅಷ್ಟನ್ನೂ ಒಮ್ಮೆಗೇ ಅಳಿಸುತ್ತಿದ್ದರು. ಒಳಗೆ ಅಳಿಸಿದ್ದು ಹೊರಗಿನ ಇಮೇಜಿಗೆ ತಾನಾಗಿ ಗೊತ್ತಾಗುವುದಿಲ್ಲ. ತುಂಗಭದ್ರಾ ಜಲಾಶಯದ 133 ಟಿಎಂಸಿ ಸಾಮರ್ಥ್ಯ ಸುಮಾರು 105ಕ್ಕೆ ಕುಸಿದದ್ದು ಹೂಳಿನಿಂದ. ಎಡದಂಡೆ ಕಾಲುವೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇದೂ ಅಂಥದೇ ಹೂಳು, ಆದರೆ ತೆಗೆಯುವುದು ಸುಲಭ. ವರ್ಚುವಲ್ ಡಿಸ್ಕಿಗೆ ಡಿಸ್ಕಾರ್ಡ್ ಆನ್ ಮಾಡಿ ಒಳಗಿನಿಂದ 'ಎಫ್‌ಎಸ್‌ಟ್ರಿಮ್' ಓಡಿಸಿದರೆ ಸಾಕು. ಓಡಿಸಿದ ಮೇಲೆ 'ಡಿಯು' 146ಕ್ಕೆ ಇಳಿಯಿತು.

ಈಗ ದುಡ್ಡಿನ ಮಾತು. ದರ ಜಿಬಿಗೆ ತಿಂಗಳಿಗೆ 7 ರೂಪಾಯಿ. 1000 ಜಿಬಿಗೆ 7,000, ವರ್ಷಕ್ಕೆ 84,000. ಕೈಬಿಚ್ಚಿ 200 ಜಿಬಿ ಇಟ್ಟುಕೊಂಡರೂ ತಿಂಗಳಿಗೆ 1,400, ವರ್ಷಕ್ಕೆ 16,800. ಅಂತರ 67,200. ಶೇ 18 ಜಿಎಸ್‌ಟಿ ಸೇರಿದರೆ 79,296. ಇನ್‌ಪುಟ್ ಕ್ರೆಡಿಟ್ ಸಿಗುವವರು ಮೊದಲ ಅಂಕಿಯನ್ನೇ ಹಿಡಿಯಲಿ, ಅದೇನೂ ಸಣ್ಣದಲ್ಲ.

ನಿಜವಾದ ಬಳಕೆ ಬಾಡಿಗೆಗೆ ಕೊಡುವವರಿಗೆ ತಿಳಿಯದ ಗುಟ್ಟೇನಲ್ಲ. ಸೆಫ್ ಎಂಬ ಸ್ಟೋರೇಜ್ ತಂತ್ರಾಂಶ ನಡೆಸುವವರಿಗೆ 'ಆರ್‌ಬಿಡಿ ಡಿಯು' ಕಮಾಂಡ್ ಇದೆ. ಅದರ ಫಾಸ್ಟ್-ಡಿಫ್ ಸೌಲಭ್ಯ ಆನ್ ಇದ್ದರೆ ಕ್ಷಣದಲ್ಲಿ ಉತ್ತರ. 4 ಎಂಬಿ ತುಂಡಿನ ಮೂಲೆಯಲ್ಲಿ ಬರೆದಿದ್ದರೂ ಇಡೀ ತುಂಡನ್ನು ಎಣಿಸುತ್ತದೆ, ಅಷ್ಟೇ. ಆದರೂ ಬಿಲ್ ಬರುವುದು ಕಾಯ್ದಿರಿಸಿದ ಗಾತ್ರಕ್ಕೆ. ಅಮೆಜಾನ್ ಇಬಿಎಸ್‌ನಲ್ಲೂ ಇದೇ ಕಥೆ. ವಾಲ್ಯೂಮ್ ಹಿಗ್ಗಿಸಬಹುದು, ಕುಗ್ಗಿಸಲಾಗದು.

ಇದರ ಮೇಲೆ 'ಆಟೋ ಗ್ರೋ' ಪ್ಲಾನ್ ಬೇಕಾ ಎಂದು ಫೋನು ಬಂತು. ತಾನಾಗಿ ಬೆಳೆಯುತ್ತದಂತೆ. ತಾನಾಗಿ ಇಳಿಯುತ್ತದೆಯೇ ಎಂದರೆ ಆ ಕಡೆ ಮೌನ. ಬ್ಯಾಕಪ್ಪನ್ನು ಅದೇ ಡಿಸ್ಕಿನಲ್ಲಿ ಪೇರಿಸಿ, ಜಾಗ ತುಂಬಿತೆಂದು ಡಿಸ್ಕ್ ಹಿಗ್ಗಿಸುವ ಚಾಳಿ ಇರುವವರಿಗೆ ಇಂಥ ಪ್ಲಾನ್ ಮಾರುವುದೆಂದರೆ ಕಿಸೆಗೆ ಕೈಹಾಕಿದಂತೆಯೇ.

ಮುಂಗಡ ವಾಪಸ್ ಬರಲಿಲ್ಲ. ಅವಧಿ ಮುಗಿದ ಮೇಲೆ 200 ಜಿಬಿಯ ಹೊಸ ವಾಲ್ಯೂಮಿಗೆ ಇಮೇಜನ್ನಲ್ಲ, ಫೈಲುಗಳನ್ನಷ್ಟೇ ನಕಲಿಸಲಾಯಿತು. ಬ್ಯಾಕಪ್ ಈಗ ಬೇರೆ ಕಡೆ, ಟ್ರಿಮ್ ವಾರಕ್ಕೊಮ್ಮೆ. ಡೇಟಾ ತಿಂಗಳಿಗೆ ಸುಮಾರು 3 ಜಿಬಿ ಬೆಳೆಯುತ್ತಿದೆ. ಒಂದೂವರೆ ವರ್ಷಕ್ಕೆ ಮೋಸವಿಲ್ಲ.